ಅರಸೀಕೆರೆ ಗಡಿಯ ಡ್ರೆಸ್ಸರಣ್ಣ

ಅವರು ತೀರಿಕೊಂಡ ದಿನ ನಮ್ಮ ರೈಲು ಪಾಸಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಅವರ ಫೋಟೊ ಹಾಕಿ, ಕೆಳಗೆ ‘ಸರಳ, ಸಜ್ಜನ, ಶಾಂತ ಸ್ವಭಾವದ ನಮ್ಮ ಅಣ್ಣ’ ಎಂದು ಬರೆದಿದ್ದರು. ಅದರ ಹಿಂದೆಯೇ ಕೈಮುಗಿದ ಚಿತ್ರಗಳ ಸಾಲು. ಸರಳ ಎಂಬುದನ್ನು ಒಪ್ಪಬಹುದು, ಒಂದೇ ಪ್ಯಾಂಟನ್ನು ವಾರವಿಡೀ ಹಾಕುತ್ತಿದ್ದರು. ಸಜ್ಜನ ಎಂಬುದು ಚರ್ಚೆಗೆ ಬಿಟ್ಟ ವಿಷಯ. ಶಾಂತ ಎಂಬುದು ಮಾತ್ರ ಹಸಿ ಸುಳ್ಳು. ಹಾಗೆ ಕೈಮುಗಿದವರಲ್ಲಿಯೇ ಕೆಲವರು ಅವರ ಏಟು ತಿಂದವರು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರವಾಗಿ ಮಾತಾಡು ಎಂದರೆ ಪರ, ವಿರುದ್ಧ ಎಂದರೆ ವಿರುದ್ಧ. ಸತ್ತವರ ವಿಷಯಕ್ಕೆ ಬಂದರೆ ಮಾತ್ರ ಒಂದೇ ಕಡೆಯಿಂದ ಮಾತಾಡಬೇಕು ಎನ್ನುವ ನಿಯಮ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಬದುಕಿರುವಷ್ಟು ಕಾಲ ಮುಷ್ಟಿಯನ್ನೇ ನಂಬಿದ್ದ ಮನುಷ್ಯನನ್ನು ಸತ್ತ ಮೇಲೆ ಶಾಂತಮೂರ್ತಿ ಮಾಡಿದರೆ, ಅದು ಅವರಿಗೂ ಅವಮಾನ, ಏಟು ತಿಂದವರಿಗೂ ಅವಮಾನ.

ಅವರು ಅರಳಗುಪ್ಪೆಯ ಕಡೆಯವರು. ಒಂದಿಷ್ಟು ತೆಂಗಿನ ತೋಟ, ಎರಡು ಹಸು. ಕೆಲಸ ಮಾತ್ರ ಎರಡು ಜಿಲ್ಲೆ ದಾಟಿ ಕಡೂರಿನ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಡ್ರೆಸ್ಸರ್, ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವರು. ಬೆಳಿಗ್ಗೆ ತಿಪಟೂರಿನ ಸ್ಟೇಷನ್ನಿನ ಹೊರಗೆ ಬೈಕು ನಿಲ್ಲಿಸಿ, ಊಟದ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದರೆಂದರೆ ಪ್ಲಾಟ್‌ಫಾರ್ಮಿನಲ್ಲಿ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಡ್ರೆಸ್ಸರಣ್ಣ.

ಆಗ ನಾನು ಕಡೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ತಿಂಗಳ ಪಾಸು ಎಂಬುದು ಬಡವರ ಪಾಲಿಗೆ ರೈಲ್ವೆಯವರು ತೋರಿಸಿದ ಅಪರೂಪದ ಔದಾರ್ಯ. ವಿದ್ಯಾರ್ಥಿಗಳಿಗೆ ಅದರಲ್ಲೂ ಅರ್ಧ. ಬಸ್ಸಿನಲ್ಲಿ ನಾಲ್ಕು ದಿನ ಓಡಾಡುವ ದುಡ್ಡಿಗೆ ತಿಂಗಳಿಡೀ ತುಮಕೂರು ಜಿಲ್ಲೆಯಿಂದ ಹಾಸನ ಜಿಲ್ಲೆ, ಅಲ್ಲಿಂದ ಚಿಕ್ಕಮಗಳೂರು ಜಿಲ್ಲೆ. ರೈಲಿಗೆ ಜಿಲ್ಲೆಗಳ ಗಡಿ ಗೊತ್ತಿಲ್ಲ. ಅದರೊಳಗೆ ಕೂತವರಿಗೆ ಮಾತ್ರ ಚೆನ್ನಾಗಿ ಗೊತ್ತು.

ಆ ಗಡಿಯ ಕಾನೂನು ಹೀಗಿತ್ತು. ನಮ್ಮ ಜನರಲ್ ಬೋಗಿಯ ನಡುವಿನ ಗೂಡುಗಳಲ್ಲಿ ಎದುರು ಬದುರು ಇರುವ ಎರಡೂ ಬೆಂಚು ತಿಪಟೂರಿನಿಂದ ಅರಸೀಕೆರೆಯವರೆಗೆ ತಿಪಟೂರು ಪಾಸಿನವರದು. ಅರಸೀಕೆರೆಯಲ್ಲಿ ಅಲ್ಲಿನ ಪಾಸಿನವರು ಹತ್ತಿದ ಕೂಡಲೇ ಎಂಜಿನ್ ಕಡೆ ಮುಖ ಮಾಡಿದ ಬೆಂಚನ್ನು ಅವರಿಗೆ ಬಿಟ್ಟು ನಾವು ಹಿಂದಕ್ಕೆ ಮುಖ ಮಾಡಿದ ಬೆಂಚಿಗೆ ಒತ್ತಿಕೊಳ್ಳಬೇಕು. ಜಾಗ ಸಾಲದವರು ನಿಲ್ಲಬೇಕು. ಸಂಜೆ ವಾಪಸು ಬರುವಾಗ ಅರಸೀಕೆರೆಯವರೆಗೆ ಅವರ ರಾಜ್ಯ, ಆಮೇಲೆ ನಮ್ಮದು. ಇದನ್ನು ಯಾರು ಬರೆದರು, ಎಲ್ಲಿ ಬರೆದರು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಳೆಯ ಕಾಲದಲ್ಲೊಮ್ಮೆ ಎರಡು ಕಡೆಯವರೂ ರಕ್ತ ಬರುವಂತೆ ಬಡಿದಾಡಿಕೊಂಡ ಮೇಲೆ ಆದ ರಾಜಿಯಂತೆ. ನಮ್ಮ ಕಡೆಯಿಂದ ಆ ರಾಜಿಗೆ ಕಾವಲು ನಿಂತವರು ಡ್ರೆಸ್ಸರಣ್ಣ.

ಮೊದಲ ದಿನ ಇದೊಂದೂ ಗೊತ್ತಿಲ್ಲದೆ ಅರಸೀಕೆರೆ ದಾಟಿದರೂ ನಾನು ಎಂಜಿನ್ ಕಡೆಯ ಬೆಂಚಿನಲ್ಲಿ ಕೂತೇ ಇದ್ದೆ.

“ಏಳವ್ವ ಮ್ಯಾಕೆ” ಎಂದರು ಡ್ರೆಸ್ಸರಣ್ಣ.

“ಯಾಕೆ? ಪಾಸಿದೆ.”

“ಪಾಸು ಎಲ್ರಿಗೂ ಐತೆ. ಇದು ಅವರ ಬೆಂಚು.”

“ಪಾಸು ಇರುವವರಿಗೆ ಸೀಟಿನ ಖಾತ್ರಿ ಇಲ್ಲ, ಅದು ನಿಜ. ಅಂದಮೇಲೆ ಅವರಿಗೂ ಖಾತ್ರಿ ಇಲ್ಲ. ಮೊದಲು ಕೂತವರದ್ದು ಸೀಟು.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. “ಓದಿರೋಳು ಅಂತ ಗೊತ್ತಾಯ್ತು. ಒಸಿ ನಿಂತ್ಕಂಡು ಓದು” ಎಂದು ನನ್ನ ಬ್ಯಾಗನ್ನು ಎತ್ತಿ ಮೇಲಿನ ಹಲಗೆಗೆ ಹಾಕಿಯೇ ಬಿಟ್ಟರು. ಅವತ್ತಿನಿಂದ ನನಗೆ ‘ಲಾಯರಮ್ಮ’ ಎಂದು ಹೆಸರಾಯಿತು. ಮಾರನೆಯ ದಿನ ತಿಪಟೂರಿನಲ್ಲಿ ಹತ್ತಿದರೆ ಕಿಟಕಿ ಪಕ್ಕ ಅವರ ಟವಲು ಹಾಸಿತ್ತು. “ಕೂತ್ಕ ಲಾಯರಮ್ಮ. ಅರಸೀಕೆರೆಗಂಟ ವಾದ ಮಾಡು, ಯಾರೂ ಏಳ್ಸಲ್ಲ.”

ಅವರ ಕೈಯ ಬಗ್ಗೆ ಹೇಳಬೇಕು. ಗಿಡ್ಡ, ದಪ್ಪ ಬೆರಳುಗಳು. ಗೆಣ್ಣುಗಳ ಮೇಲಿನ ಚರ್ಮ ಒಡೆದು ಮತ್ತೆ ಕೂಡಿಕೊಂಡು ಒರಟಾಗಿತ್ತು. ಮನೆಯಿಂದ ಉಂಡೆಕೊಬ್ಬರಿ ತಂದರೆ ಅದನ್ನು ಮೊಣಕಾಲಿನ ಮೇಲಿಟ್ಟು ಒಂದೇ ಗುದ್ದಿಗೆ ಹೋಳು ಮಾಡಿ, ಬೆಲ್ಲದ ಜೊತೆ ಎಲ್ಲರಿಗೂ ಹಂಚುತ್ತಿದ್ದರು. ಅದೇ ಕೈ ಮುಖದ ಮೇಲೆ ಬಿದ್ದರೆ ಏನಾಗುತ್ತದೆ ಎಂದು ನೋಡಲು ನನಗೆ ಹೆಚ್ಚು ದಿನ ಕಾಯಬೇಕಾಗಲಿಲ್ಲ.

ಜೇಬುಗಳ್ಳನೊಬ್ಬ ಸಿಕ್ಕಿಬಿದ್ದ. ಬಾಗಿಲ ಹತ್ತಿರ ನಿಂತಿದ್ದ ಮುದುಕರೊಬ್ಬರ ಜೇಬಿಗೆ ಕೈ ಹಾಕಿದ್ದ. ಎಲ್ಲರೂ ಕೂಗಾಡುತ್ತಿದ್ದರು. ಡ್ರೆಸ್ಸರಣ್ಣ ಅವನ ಬಲಗೈ ಹಿಡಿದು, ತೋರುಬೆರಳನ್ನು ಬಾಗಿಲ ಕಬ್ಬಿಣದ ಸರಳಿಗೆ ಒತ್ತಿ, ಹಿಂದಕ್ಕೆ ಬಗ್ಗಿಸಿದರು. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವನು ಕಿರುಚಿದ್ದು ಗಾಲಿಗಳ ಸದ್ದನ್ನೂ ಮೀರಿ ಕೇಳಿಸಿತು. ಅದಾದ ಮೇಲೆ ನಡೆದದ್ದು ಇನ್ನೂ ವಿಚಿತ್ರ. ಅವನನ್ನು ನೆಲಕ್ಕೆ ಕೂರಿಸಿ, ತಾವೂ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಊಟದ ಬ್ಯಾಗಿನಿಂದ ಹತ್ತಿ, ಬಟ್ಟೆ, ಒಂದು ಪ್ಲಾಸ್ಟಿಕ್ ಸ್ಕೇಲಿನ ತುಂಡು ತೆಗೆದು ಬೆರಳನ್ನು ನೆಟ್ಟಗೆ ಮಾಡಿ ಕಟ್ಟಿದರು. ಕಟ್ಟುವಾಗ ಆ ಕೈಯಲ್ಲಿ ಎಂಥ ಮೆತ್ತಗಿನ ನಾಜೂಕು!

“ತಿಂಗಳು ನೀರು ಸೋಕಿಸಬ್ಯಾಡ ಕಣ್ಲಾ” ಎಂದು ಅವನಿಗೆ ಬುದ್ಧಿ ಬೇರೆ ಹೇಳಿದರು.

“ಪೊಲೀಸರಿಗೆ ಕೊಡಬಹುದಿತ್ತಲ್ಲ ಅಣ್ಣ?” ಎಂದೆ.

“ಕೊಟ್ರೆ ಏನಾಯ್ತದೆ? ನಾಳಿದ್ದು ಇದೇ ರೈಲು ಹತ್ತಾನೆ.”

“ಬೆರಳು ಕೂಡಿದ ಮೇಲೂ ಹತ್ತುತ್ತಾನೆ.”

“ಹತ್ಲಿ. ನಮ್ಮ ಬೋಗಿಗೆ ಹತ್ತಾಕಿಲ್ಲ.”

“ಅಂದರೆ ನೀವು ಕಳ್ಳತನ ನಿಲ್ಲಿಸಲಿಲ್ಲ, ಪಕ್ಕದ ಬೋಗಿಗೆ ಕಳಿಸಿದಿರಿ.”

“ಹೂಂ” ಎಂದರು. “ಪಕ್ಕದ ಬೋಗೀಲೂ ಒಬ್ಬ ಡ್ರೆಸ್ಸರ್ ಇರಬೇಕಾಗಿತ್ತು.”

ಹೀಗಿತ್ತು ಅವರ ತರ್ಕ. ನಾನು ಎಲ್ಲಿ ಸಿಕ್ಕಿಸಿದರೂ ಅಲ್ಲಿಂದ ಇನ್ನೊಂದು ಏಟಿನ ಕಡೆಗೇ ದಾರಿ ಮಾಡಿಕೊಳ್ಳುತ್ತಿದ್ದರು. ಹೆಂಗಸರ ಮೈಮೇಲೆ ಬೀಳುವವರು, ಕುಡಿದು ಬಂದವರು, ಬಾಗಿಲಲ್ಲಿ ಸಿಗರೇಟು ಸೇದುವವರು, ಬೆಂಚಿನ ಕಾನೂನು ಮೀರುವವರು ಎಲ್ಲರಿಗೂ ಒಂದೇ ಶಿಕ್ಷೆ. ತಪ್ಪಿನ ತೂಕಕ್ಕೂ ಏಟಿನ ತೂಕಕ್ಕೂ ಸಂಬಂಧ ಇರುತ್ತಿರಲಿಲ್ಲ. ಅವರಿಂದ ನಮಗೆ ಅನುಕೂಲವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಬೋಗಿಯಲ್ಲಿ ಹೆಣ್ಣುಮಕ್ಕಳು ನಿದ್ದೆ ಮಾಡುತ್ತಿದ್ದರು. ಬೇರೆ ಯಾವ ಬೋಗಿಯಲ್ಲೂ ಮಾಡುತ್ತಿರಲಿಲ್ಲ.

ಒಂದು ದಿನ ನೇರವಾಗಿ ಕೇಳಿದೆ. “ಮನೆಯಲ್ಲೂ ಹೊಡೀತೀರಾ ಅಣ್ಣ?”

“ಮನೇಲಿ ಅವಳೇ ನಂಗೆ ಹೊಡೀತಾಳೆ ಕಣವ್ವ” ಎಂದರು. ಗೂಡಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ನಾನು ನಗಲಿಲ್ಲ. “ಇದು ಉತ್ತರ ಅಲ್ಲ” ಎಂದೆ. ಅವರು ಕಿಟಕಿಯ ಕಡೆ ತಿರುಗಿ ಹಾದುಹೋಗುವ ತೋಟಗಳನ್ನು ನೋಡುತ್ತ ಕೂತರು.

ಕಳೆದ ತಿಂಗಳು ತೋಟದಲ್ಲಿ ಎದೆನೋವು ಬಂದು ಅವರು ತೀರಿಕೊಂಡಾಗ ನಾನು ಅರಳಗುಪ್ಪೆಗೆ ಹೋಗಿದ್ದೆ. ಅವರ ಹೆಂಡತಿಯನ್ನು ನೋಡಿದ್ದು ಅದೇ ಮೊದಲು. ಸಣ್ಣ ಮೈಕಟ್ಟು, ಕಡಿಮೆ ಮಾತು. “ಲಾಯರಮ್ಮ ಅಂದ್ರೆ ನೀನೇಯಾ? ದಿನಾ ಬೈಯೋರು ನಿನ್ನ” ಎಂದರು. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆಯೊಂದಿತ್ತು. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಹತ್ತಿರ ಕೂತರೆ ಮಾತ್ರ ಕಾಣುತ್ತಿತ್ತು. ಹಸು ಹಾಯ್ದಿರಬಹುದು. ಬಚ್ಚಲಲ್ಲಿ ಜಾರಿರಬಹುದು. ಸಾಕ್ಷಿ ಇಲ್ಲದೆ ತೀರ್ಪು ಕೊಡಬಾರದು ಎಂದು ಕಲಿತವಳು ನಾನು. ಸಾವಿನ ಮನೆಯಲ್ಲಿ ಸಾಕ್ಷಿ ಕೇಳುವ ಧೈರ್ಯವೂ ಬರಲಿಲ್ಲ.

ಅವರ ಕೆಲಸಕ್ಕೆ ಕುತ್ತು ತಂದ ಬೆಳಗಿನ ವಿಷಯಕ್ಕೆ ಬರುತ್ತೇನೆ.

ಅರಸೀಕೆರೆಯ ಹುಡುಗನೊಬ್ಬ, ಕಡೂರಿನಲ್ಲಿ ಮೊಬೈಲ್ ರಿಪೇರಿ ಮಾಡುವವನು, ಅವತ್ತು ತಿಪಟೂರಿನಲ್ಲೇ ಹತ್ತಿದ. ಹಿಂದಿನ ದಿನ ಅಕ್ಕನ ಮನೆಗೆ ಬಂದಿದ್ದನಂತೆ. ದಿನಾ ಅರಸೀಕೆರೆಯಲ್ಲಿ ಹತ್ತಿ ತನ್ನದು ಎಂದು ಕೂರುತ್ತಿದ್ದ ಬೆಂಚಿನಲ್ಲೇ, ನನ್ನ ಪಕ್ಕ, ಅಭ್ಯಾಸ ಬಲದಿಂದ ಬಂದು ಕೂತ. ಡ್ರೆಸ್ಸರಣ್ಣ ಬಂದರು.

“ಎದ್ದೇಳ್ಲಾ. ಇನ್ನೂ ಅರಸೀಕೆರೆ ಬಂದಿಲ್ಲ.”

ಹುಡುಗ ಅಂಗಿ ಜೇಬಿನಿಂದ ಟಿಕೆಟು, ಪಾಸು ಎರಡನ್ನೂ ತೆಗೆದು ತೋರಿಸಿದ. “ಅರಸೀಕೆರೆಗಂಟ ಟಿಕೆಟ್ ತಗಂಡಿವ್ನಿ. ಅಲ್ಲಿಂದಾಚೆ ಪಾಸೈತೆ. ಇನ್ನೇನ್ ಬೇಕು ನಿಮ್ಗೆ?”

“ಟಿಕೆಟ್ ರೈಲಿಗೆ. ಬೆಂಚಿಗಲ್ಲ.”

“ಬೆಂಚು ನಿಮ್ಮಪ್ಪ ಮಾಡ್ಸಿದ್ನಾ?”

ನಾನು “ಬಿಡಿ ಅಣ್ಣ, ಅವನು ಹೇಳೋದರಲ್ಲಿ ತಪ್ಪಿಲ್ಲ” ಎಂದೆ. ನನ್ನ ಮಾತು ಮುಗಿಯುವ ಮೊದಲೇ ಅಂಗೈ ಅವನ ಕಿವಿಯ ಮೇಲೆ ಬಿತ್ತು. ತೆರೆದ ಅಂಗೈ. ಮುಷ್ಟಿಗಿಂತ ಅದು ಕೆಟ್ಟದ್ದು ಎಂದು ನನಗೆ ಗೊತ್ತಾದದ್ದು ಆಮೇಲೆ. ಹುಡುಗ ಪಕ್ಕಕ್ಕೆ ವಾಲಿದ. ಕತ್ತುಪಟ್ಟಿ ಹಿಡಿದು ಎಳೆದು ಎಬ್ಬಿಸಿ ಇನ್ನೊಂದು. ಅವನ ತಲೆ ಹಿಂದಿನ ಹಲಗೆಯ ಕಬ್ಬಿಣಕ್ಕೆ ಬಡಿಯಿತು. ಕೆಳಗೆ ಬಿದ್ದವನ ಪಕ್ಕೆಗೆ ಚಪ್ಪಲಿ ಕಾಲಿನಿಂದ ಒದ್ದರು. ಅವನ ಕಿವಿಯಿಂದ ಸಣ್ಣಗೆ ರಕ್ತ ಇಳಿದು ಕತ್ತಿನ ಸಂದಿಯಲ್ಲಿ ನಿಂತಿತು. ಅವನು ಕೈ ಆಡಿಸುತ್ತ “ಕೇಳಿಸ್ತಿಲ್ಲ, ಕೇಳಿಸ್ತಿಲ್ಲ” ಎಂದು ಕೂಗುತ್ತಿದ್ದ. ಡ್ರೆಸ್ಸರಣ್ಣನ ಬ್ಯಾಗು ಅಲ್ಲೇ ಹೆಗಲಲ್ಲೇ ಇತ್ತು. ಅವತ್ತು ಅವರು ಅದನ್ನು ಬಿಚ್ಚಲಿಲ್ಲ. ಹುಡುಗನನ್ನು ನೋಡುತ್ತ ನಿಂತೇ ಇದ್ದರು. ಅವನು ಮಾಡಿದ ತಪ್ಪು ಏನು ಎಂದು ಜಗತ್ತಿನ ಯಾವ ನ್ಯಾಯಾಲಯಕ್ಕೂ ಅರ್ಥವಾಗುವ ಹಾಗೆ ಹೇಳಲು ಸಾಧ್ಯವಿಲ್ಲ. ಇನ್ನೂ ದಾಟದ ಗಡಿಯನ್ನು ದಾಟಿದವನ ಹಾಗೆ ಕೂತಿದ್ದ, ಅಷ್ಟೇ.

ಅರಸೀಕೆರೆಯಲ್ಲಿ ರೈಲ್ವೆ ಪೊಲೀಸರು ಬಂದರು. ಬೋಗಿಯೆಲ್ಲ ಒಂದೇ ಬಾಯಲ್ಲಿ ಹೇಳಿತು: ರೈಲು ಕುಲುಕಿತು, ಹುಡುಗ ಬಿದ್ದ. ನಾನು ಕಂಡದ್ದನ್ನು ಹೇಳಿದೆ. ಪೊಲೀಸಿನವರು ಎರಡು ಸಲ ಕೇಳಿ ಬರೆದುಕೊಂಡರು. ಕೇಸಾಯಿತು. ಡ್ರೆಸ್ಸರಣ್ಣ ಸಸ್ಪೆಂಡ್ ಆದರು. ಇಲಾಖೆಯ ವಿಚಾರಣೆ ಎಂದಾಯಿತು. ಹುಡುಗನ ಎಡಗಿವಿ ಮತ್ತೆ ಕೇಳಿಸಲೇ ಇಲ್ಲ.

ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ಕೆಲಸ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿತ್ತು. ಆಗ ಬೋಗಿಯವರು ಒಂದು ಹೊಸ ಕಥೆ ಕಟ್ಟಿದರು. ಅದನ್ನು ನನ್ನ ಹತ್ತಿರ ತಂದವರು ದಂಡಿನಶಿವರದಿಂದ ಬರುತ್ತಿದ್ದ, ಕಡೂರಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದ ಅಕ್ಕ. ನನ್ನ ತಲೆ ಸವರಿ, ದನಿ ಇಳಿಸಿ ಹೇಳಿದರು.

“ಆ ಹುಡ್ಗ ನಿನ್ನ ಪಕ್ದಲ್ಲೇ ಕೂತಿದ್ನಲ್ಲ. ಕೈ ಹಾಕ್ದ ಅಂತ ಒಂದು ಮಾತು ಹೇಳ್ಬುಡು. ಅಣ್ಣ ಅದಕ್ಕೇ ಹೊಡ್ದ ಅಂತ ಆಯ್ತದೆ.”

“ಹಾಕಲಿಲ್ಲವಲ್ಲ ಅಕ್ಕ.”

“ಹಾಕ್ದೆ ಇದ್ರೇನು, ಹಾಕೋ ಜಾತಿನೇ ಅವು. ನೀನೇನು ದೇವರ ಮುಂದೆ ಹೇಳ್ತೀಯಾ?”

“ಕಿವಿ ಹೋದವನ ಮೇಲೆ ಇನ್ನೊಂದು ಹೊರಿಸೋದಾ?”

“ವರ್ಷಾನುಗಟ್ಲೆ ನಮ್ಮನ್ನ ಕಾಯ್ದೋರು ಕಣೇ. ನೀನು ಅವರ ಟವಲ್ ಮೇಲೆ ಕೂತ್ಕಂಡು ಬಂದಿಲ್ವಾ?”

ಇದು ವಾದವಲ್ಲ, ಹಂಗು. ಆದರೆ ಹಂಗಿಗೆ ಉತ್ತರ ಕೊಡುವುದು ವಾದಕ್ಕೆ ಉತ್ತರ ಕೊಡುವುದಕ್ಕಿಂತ ಕಷ್ಟ. ನಾನು ಆಗುವುದಿಲ್ಲ ಎಂದೆ. ಮಾರನೆಯ ದಿನದಿಂದ ಬೆಂಚಿನಲ್ಲಿ ನನಗೆ ಜಾಗ ಇರಲಿಲ್ಲ. ಖಾಲಿ ಇದ್ದರೂ ಬ್ಯಾಗು ಇಡುತ್ತಿದ್ದರು. ಇಳಿಯುವಾಗ ಬೆನ್ನಿಗೆ ಮೊಣಕೈ ತಾಗುತ್ತಿತ್ತು. ಒಂದು ದಿನ ಬಾಗಿಲಲ್ಲಿ ಯಾರೋ ನೂಕಿದರು, ಪ್ಲಾಟ್‌ಫಾರ್ಮಿನ ಕಲ್ಲಿಗೆ ಬಿದ್ದು ಮಂಡಿ ಒಡೆಯಿತು. ಹಿಂದೆ ತಿರುಗಿ ನೋಡಿದೆ. ಎಲ್ಲರ ಮುಖವೂ ಶಾಂತವಾಗಿತ್ತು.

ವಿಚಾರಣೆಯ ಹಿಂದಿನ ದಿನ ಅವರೇ ತಿಪಟೂರು ಸ್ಟೇಷನ್ನಿಗೆ ಬಂದರು. ಗಡ್ಡ ಬಿಟ್ಟಿದ್ದರು.

“ನಾಳೆ ಏನ್ ಹೇಳ್ತೀಯ?”

“ಕಂಡದ್ದು.”

“ಕಂಡದ್ದು ಹೇಳಿದ್ರೆ ನನ್ನ ಕೆಲ್ಸ ಹೋಯ್ತದೆ.”

“ಗೊತ್ತು ಅಣ್ಣ.”

ಅವರ ಕೈ ಮುಷ್ಟಿಯಾಯಿತು. ನಾನು ಹಿಂದಕ್ಕೆ ಸರಿಯಲಿಲ್ಲ. “ನೀನು ಗಂಡ್ಸಾಗಿದ್ರೆ” ಎಂದು ಶುರು ಮಾಡಿ ನಿಲ್ಲಿಸಿದರು. “ಹೋಗು, ಗಾಡಿ ಬತ್ತಾ ಐತೆ.”

ವಿಚಾರಣೆ ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ ನಡೆಯಿತು. ಹೊರಗೆ ಟೈಪಿಸ್ಟ್ ಅಕ್ಕ ಮತ್ತು ಬೋಗಿಯ ನಾಲ್ಕೈದು ಜನ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದರು. ಅವರಲ್ಲಿ ಕೆಲವರು ಆಗಲೇ ಒಳಗೆ ಹೋಗಿ ಕೈ ಹಾಕಿದ ಕಥೆಯನ್ನು ಹೇಳಿ ಬಂದಿದ್ದರು. ನಾನು ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನು ಹೇಳಿದೆ. ಅಧಿಕಾರಿ ಡ್ರೆಸ್ಸರಣ್ಣನ ಕಡೆ ತಿರುಗಿ, “ನೀವು ಇವರನ್ನ ಏನಾದ್ರೂ ಪ್ರಶ್ನೆ ಕೇಳೋದಿದ್ರೆ ಕೇಳಬಹುದು” ಎಂದರು. ಅದು ಅವರ ಹಕ್ಕು. ಅವರು ಎದ್ದು ನಿಂತರು.

“ಅವನು ನಿನ್ನ ಮುಟ್ಟಿದ್ನಾ?”

“ಇಲ್ಲ.”

“ಜೋರಾಗಿ ಹೇಳವ್ವ.”

“ಇಲ್ಲ. ಮುಟ್ಟಲಿಲ್ಲ.”

“ನಾನು ಹೊಡ್ದಿದ್ದು ಬೆಂಚಿಗೋಸ್ಕರ ಸ್ವಾಮಿ, ಹೆಣ್ಣಿಗೋಸ್ಕರ ಅಲ್ಲ. ಹೊರಗಡೆ ಇರೋರು ಸುಳ್ಳು ಹೇಳವ್ರೆ. ಬರ್ಕಳಿ” ಎಂದು ಕೂತುಬಿಟ್ಟರು.

ಇದನ್ನು ಈಗ ವಾಟ್ಸ್ಯಾಪ್ ಗುಂಪಿನವರು ದೊಡ್ಡತನ ಎನ್ನುತ್ತಾರೆ. ನನಗೆ ಅನುಮಾನ ಇದೆ. ತಮ್ಮ ಏಟಿಗೆ ಬೇರೆಯವರು ಕಾರಣ ಹುಡುಕಿ ಕೊಡುವುದು ಅವರಿಗೆ ಸಹಿಸಲಾಗಲಿಲ್ಲ. ಹೊಡೆದದ್ದು ತಮಗೆ ಸರಿ ಕಂಡದ್ದಕ್ಕೆ, ಅದನ್ನು ತಿದ್ದಲು ಯಾರಿಗೂ ಅಧಿಕಾರ ಇಲ್ಲ ಎಂಬ ಜಂಬ ಅದು. ಕಿವಿ ಹೋದ ಹುಡುಗ ಅದೇ ಕೋಣೆಯಲ್ಲಿ ಕೂತಿದ್ದ. ಅವನ ಕಡೆ ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ದೊಡ್ಡತನಕ್ಕೆ ಕತ್ತು ಅಷ್ಟಾದರೂ ಹೊರಳಬೇಕು.

ಕೆಲಸ ಹೋಯಿತು.

ಆಮೇಲೆ ಅವರನ್ನು ನಾನು ನೋಡಿದ್ದು ಒಂದೇ ಸಲ. ಏನೋ ಕಾಗದಗಳಿಗೆ ಸಹಿ ಹಾಕಲು ಕಡೂರಿಗೆ ಬಂದಿದ್ದರು. ಸಂಜೆಯ ರೈಲಿನಲ್ಲಿ ಅದೇ ಬೋಗಿಗೆ ಹತ್ತಿದರು. ಈಗ ಅವರ ಹತ್ತಿರ ಪಾಸಿರಲಿಲ್ಲ, ಮಾಮೂಲಿ ಟಿಕೆಟು. ಎಂಜಿನ್ ಕಡೆ ಮುಖ ಮಾಡಿದ ಬೆಂಚಿನಲ್ಲೇ ಹೋಗಿ ಕೂತರು. ಅದು ಅರಸೀಕೆರೆಯವರ ಹೊತ್ತು, ಅರಸೀಕೆರೆಯವರ ಬೆಂಚು. ಬೇಕೆಂದೇ ಕೂತರೋ, ಸುಸ್ತಾಗಿತ್ತೋ, ನನಗೆ ತಿಳಿಯದು. ನಾನು ಬಾಗಿಲ ಬಳಿ ನಿಂತಿದ್ದೆ. ನಮ್ಮ ಕಡೆಯವರು ಗೂಡಿನ ಆಚೆ ಕೂತು ಮೊಬೈಲು ನೋಡುತ್ತಿದ್ದರು.

ಕಿವಿ ಹೋದ ಹುಡುಗ ಮೂವರು ಗೆಳೆಯರ ಜೊತೆ ಬಂದ.

“ಎದ್ದೇಳಯ್ಯ. ಇನ್ನೂ ಅರಸೀಕೆರೆ ಬಂದಿಲ್ಲ” ಎಂದ.

“ಏಳಾಕಿಲ್ಲ” ಎಂದರು ಡ್ರೆಸ್ಸರಣ್ಣ.

ಮೊದಲ ಏಟಿಗೆ ಅವರೂ ತಿರುಗಿ ಕೊಟ್ಟರು. ಒಬ್ಬನ ಮೂಗಿನಿಂದ ರಕ್ತ ಚಿಮ್ಮಿತು. ಅಷ್ಟೇ. ನಾಲ್ವರೂ ಮೇಲೆ ಬಿದ್ದರು. ಬೆಂಚಿನಿಂದ ಎಳೆದು ಕೆಡವಿದರು. ಹೊಟ್ಟೆಗೆ, ಬೆನ್ನಿಗೆ, ಮುಖಕ್ಕೆ ಕಾಲು. ಒಬ್ಬ ಅವರ ಬಲಗೈಯನ್ನು ನೆಲಕ್ಕೆ ತುಳಿದು ನಿಂತ. ನಾನು ಓಡಿದೆ. “ನಿಲ್ಲಿಸಿ! ಅವರ ಕೆಲಸ ಹೋಗಿದೆ, ಶಿಕ್ಷೆ ಆಗಿದೆ, ನಾನೇ ಸಾಕ್ಷಿ ಹೇಳಿದ್ದೀನಿ, ನಿಮ್ಮ ಪರವಾಗಿಯೇ ಹೇಳಿದ್ದೀನಿ” ಎಂದು ಕಿರುಚಿದೆ. ಅದಕ್ಕಿಂತ ಚೆನ್ನಾಗಿ ನಾನು ಯಾವ ವೇದಿಕೆಯಲ್ಲೂ ವಾದ ಮಾಡಿಲ್ಲ. ಯಾರೂ ಕೇಳಿಸಿಕೊಳ್ಳಲಿಲ್ಲ. ನಮ್ಮ ಕಡೆಯವರು ಮೊಬೈಲಿನಿಂದ ತಲೆಯೆತ್ತಲಿಲ್ಲ. ಹುಡುಗ ಅವರ ತಲೆಯನ್ನು ಕೂದಲು ಹಿಡಿದು ಎತ್ತಿ ನೆಲಕ್ಕೆ ಕುಟ್ಟಿದ. ಮತ್ತೆ ಎತ್ತಿದ.

ನನ್ನ ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ ಇತ್ತು, ತುಂಬಿದ್ದು. ಹಿಂದಕ್ಕೆ ಬೀಸಿ ಅವನ ಬಾಯಿಗೆ ಹೊಡೆದೆ. ಯಾವ ಹುಡುಗನ ಪರವಾಗಿ ಸಾಕ್ಷಿ ಹೇಳಿ ಮಂಡಿ ಒಡೆಸಿಕೊಂಡಿದ್ದೆನೋ ಅದೇ ಹುಡುಗನ ಬಾಯಿ. ಹಲ್ಲೊಂದು ನೆಲಕ್ಕೆ ಬಿತ್ತು. ಅವನು ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿದ. ಇನ್ನೊಬ್ಬ ಮುಂದೆ ಬಂದ, ಅವನ ಮೊಣಕೈಗೂ ಹೊಡೆದೆ. ಹೆಂಗಸೊಬ್ಬಳು ಹೊಡೆಯುತ್ತಾಳೆ ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲವೇನೋ, ಎಲ್ಲರೂ ಪೆಚ್ಚಾಗಿ ನಿಂತರು. ಅಷ್ಟರಲ್ಲಿ ಅರಸೀಕೆರೆ ಬಂತು. ಹುಡುಗನನ್ನು ಹಿಡಿದುಕೊಂಡು ಬೈಯುತ್ತ ಇಳಿದು ಹೋದರು.

ಡ್ರೆಸ್ಸರಣ್ಣ ಎದ್ದು ಕೂತು ಬೆಂಚಿಗೆ ಬೆನ್ನು ಕೊಟ್ಟರು. ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿಯಿಂದ ಇಳಿಯುವ ರಕ್ತವನ್ನು ಅಂಗಿಯ ತೋಳಿಗೆ ಒರೆಸಿಕೊಂಡರು. ಬಾಟಲಿಯ ತಳ ಒಳಕ್ಕೆ ತಗ್ಗಾಗಿತ್ತು. ಅವರು ಉಳಿದ ಒಂದು ಕಣ್ಣಿನಲ್ಲಿ ಅದನ್ನೂ ನನ್ನನ್ನೂ ನೋಡಿದರು.

“ಹೆಂಗಿತ್ತು?” ಎಂದು ಕೇಳಿದರು.

ಪ್ರಾಣರಕ್ಷಣೆ, ಅನಿವಾರ್ಯ, ಬೇರೆ ದಾರಿ ಇರಲಿಲ್ಲ ಎಂದೆಲ್ಲ ಉತ್ತರಗಳು ನನ್ನ ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಎಲ್ಲವೂ ನಿಜವೇ. ಆದರೆ ಅವರು ಕೇಳಿದ್ದು ಅದನ್ನಲ್ಲ. ಆ ಮನುಷ್ಯನ ಮುಂದೆ ಅದುವರೆಗೂ ನಾನು ಒಂದು ಸುಳ್ಳನ್ನೂ ಹೇಳಿರಲಿಲ್ಲ.

“ಚೆನ್ನಾಗಿತ್ತು ಅಣ್ಣ” ಎಂದೆ.